ಬ್ರೇಕಿಲ್ಲದ ಹಲಗೆಯ ಡ್ರೈವರ್ರು

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಡ್ರೈವರ್ರು ಆ ಹಲಗೆಯಿಂದ ಬಿದ್ದು ಸತ್ತಿದ್ದಲ್ಲ. ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಚಾ ಕುಡಿದು, ಲೋಟ ಕೆಳಗಿಟ್ಟು, ಹಾಗೇ ತಲೆ ವಾಲಿಸಿದರು. ಹಾರ್ಟು ನಿಂತಿತ್ತು, ಅಷ್ಟೇ. ಇದನ್ನು ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ, ಶಿರಾಳಕೊಪ್ಪದ ಸಂತೆಗೆ ಹೋಗುವವರ ಹತ್ತಿರ, ಸೊರಬದ ಕ್ಯಾಂಟೀನಿನಲ್ಲಿ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಯಾರೂ ಕೇಳುವುದಿಲ್ಲ. "ಆ ಚಕ್ರದ ಹಲಗೆ ಮೇಲೆ ಆಡ್ತಿದ್ರಲ್ಲ, ಅವ್ರೇ ಅಲ್ಲೇನ್ರೀ? ಬಿದ್ರಂತಲ್ಲ?" ಎಂದು ಟಿಕೆಟ್ ತೆಗೆದುಕೊಳ್ಳುತ್ತಲೇ ಕೇಳುತ್ತಾರೆ. ಬದುಕಿದ್ದಾಗ ಕೊಟ್ಟ ಕಾಟ ಸಾಲದು ಎಂದು ಸತ್ತ ಮೇಲೂ ನನ್ನಿಂದ ಜನಕ್ಕೆ ಉತ್ತರ ಹೇಳಿಸುತ್ತಿದ್ದಾರೆ ಪುಣ್ಯಾತ್ಮ.

ತಿಥಿಯ ದಿನ ಹೊಸಬಾಳೆಯ ಅವರ ಮನೆಗೆ ಹೋಗಿದ್ದೆ. ಕೈ ತೊಳೆಯಲು ಹಿಂದಕ್ಕೆ ಹೋಗುವಾಗ ನೋಡುತ್ತೇನೆ, ಅಡುಗೆಮನೆಯ ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಅದೇ ಹಲಗೆಯ ಮೇಲೆ ನಿಂತಿದೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಆಕೆ ಕಾಲಿನಿಂದ ಅದನ್ನು ಸ್ವಲ್ಪ ನೂಕಿ ತೋರಿಸಿದರು. "ಎಳೆಯಕ್ಕೆ ಸಲೀಸಾತು ನೋಡಿ. ಇಷ್ಟು ವರ್ಷಕ್ಕೆ ಒಂದು ಉಪಯೋಗಕ್ಕೆ ಬಂತು." ನಗಬೇಕೋ ಅಳಬೇಕೋ ತಿಳಿಯದೆ ಎಲೆಯ ಮುಂದೆ ಹೋಗಿ ಕೂತೆ.

ನಾನು ಕಂಡಕ್ಟರ್. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಬರುವ ಬಸ್ಸಿನಲ್ಲಿ ನಮ್ಮಿಬ್ಬರದು ಜೋಡಿ. ಡ್ರೈವರ್-ಕಂಡಕ್ಟರ್ ಜೋಡಿ ಎಂದರೆ ಜಾತಕ ನೋಡದೆ ಮಾಡಿದ ಮದುವೆ. ಡಿಪೋದಲ್ಲಿ ಯಾರೋ ಒಂದು ದಿನ ಹೆಸರು ಹಾಕುತ್ತಾರೆ, ಆಮೇಲೆ ಅವರ ಗೊರಕೆ, ಅವರ ಬೀಡಿ, ಅವರ ಹೊಟ್ಟೆನೋವು ಎಲ್ಲ ನಮ್ಮದೇ. ನಮ್ಮ ಡ್ರೈವರ್ರು ಗಿಡ್ಡ ಆಳು. ಹೊಟ್ಟೆ ಸ್ಟೇರಿಂಗಿಗೆ ತಾಗುವಷ್ಟು ಬಂದಿತ್ತು. ಹೆಗಲ ಮೇಲೆ ಸದಾ ಒಂದು ಚೌಕದ ಟವೆಲ್ಲು. ಬಸ್ಸು ಹತ್ತುವ ಮೊದಲು ಅದರಿಂದ ಮುಂದಿನ ಗಾಜನ್ನು ತಾವೇ ಒರೆಸಬೇಕು, ಬೇರೆಯವರು ಒರೆಸಿದರೆ ಮತ್ತೊಮ್ಮೆ ಒರೆಸುತ್ತಾರೆ. ಯಾರನ್ನೂ ನಂಬುವ ಜಾತಿಯಲ್ಲ. "ಗಾಡಿ ಸುಳ್ಳು ಹೇಳದಿಲ್ಲ ಮಾರಾಯಾ, ಮೆಕ್ಯಾನಿಕ್ ಹೇಳ್ತಾನೆ" ಎನ್ನುವುದು ಅವರ ವೇದವಾಕ್ಯ.

ಅವರ ಖ್ಯಾತಿ ಇದ್ದದ್ದು ಬ್ರೇಕಿನಲ್ಲಿ. ಇಡೀ ಸರ್ವಿಸಿನಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವರಲ್ಲ. ಆದರೆ ಹೇಗೆ? ನಾಯಿ ಕಂಡರೆ ಬ್ರೇಕು, ಎಮ್ಮೆ ಕಂಡರೆ ಬ್ರೇಕು, ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಕವರಿಗೂ ಬ್ರೇಕು. ಒಮ್ಮೆ ರಸ್ತೆಯಲ್ಲಿ ಒಣಹಾಕಿದ ಜೋಳದ ಮೇಲೆ ಗುಬ್ಬಿ ಕೂತಿದೆ ಎಂದು ಕಾಲು ಹಾಕಿದರು, ಹಿಂದಿನ ಸೀಟಿನ ಅಜ್ಜಿಯ ಎಲೆ ಅಡಿಕೆ ಸಂಚಿ ಹಾರಿ ಬಂದು ಎಂಜಿನ್ ಮೇಲೆ ಬಿತ್ತು. ಅಪಘಾತ ಮಾಡದ ಚಾಲಕ ಎಂದು ಅವರಿಗೆ ಬಿಲ್ಲೆ ಹಾಕಿ ಚಪ್ಪಾಳೆ ತಟ್ಟಿದರು. ಬಸ್ಸಿನ ಹೊರಗೆ ಯಾರಿಗೂ ಏನೂ ಆಗಿರಲಿಲ್ಲ, ಒಪ್ಪುತ್ತೇನೆ. ಒಳಗೆ ನನ್ನ ಮೊಣಕೈ ಎಷ್ಟು ಸಲ ಕಂಬಿಗೆ ಬಡಿದಿದೆ, ಸೊಂಟ ಎಷ್ಟು ಸಲ ಸೀಟಿನ ಮೂಲೆಗೆ ತಾಗಿದೆ ಎಂದು ಬಿಲ್ಲೆ ಕೊಟ್ಟವರು ಕೇಳಲಿಲ್ಲ. ಕಂಡಕ್ಟರ್ ಜನರ ಕಡೆ ಮುಖ ಮಾಡಿ, ರಸ್ತೆಗೆ ಬೆನ್ನು ಹಾಕಿ ನಿಂತಿರುತ್ತಾನೆ. ಬ್ರೇಕು ಬರುವುದು ಅವನಿಗೆ ಬಿದ್ದ ಮೇಲೆಯೇ ಗೊತ್ತಾಗುವುದು. "ಸ್ವಲ್ಪ ನೋಡ್ಕಂಡ್ ಹಾಕ್ರೀ ಡ್ರೈವರ್ರೇ" ಎಂದರೆ, ಕನ್ನಡಿಯಲ್ಲೇ ನನ್ನನ್ನು ನೋಡಿ, "ನಾನು ನೋಡ್ಕಂಡೇ ಹಾಕಿದ್ದು, ನೀನು ಹಿಡ್ಕಂಡು ನಿಲ್ಲದು ಕಲಿ" ಎನ್ನುತ್ತಿದ್ದರು. ಒಂದು ಕೈಯಲ್ಲಿ ಟಿಕೆಟ್ ಮಶೀನು, ಇನ್ನೊಂದು ಕೈಯಲ್ಲಿ ಚಿಲ್ಲರೆ. ಹಿಡಿದುಕೊಳ್ಳಲು ಮೂರನೇ ಕೈ ಎಲ್ಲಿಂದ ತರಲಿ?

ಅವರಿಗೆ ಒಂದೇ ಆಸೆ ಇತ್ತು. ಅದನ್ನು ಸರ್ವಿಸಿನ ಉದ್ದಕ್ಕೂ ನನಗೆ ಹೇಳಿದ್ದಾರೆ, ದಾರಿಯಲ್ಲಿ ಚಾ ಕೊಡುವವನಿಗೂ ಹೇಳಿದ್ದಾರೆ. ನಮ್ಮ ಡಿಪೋದಲ್ಲಿ ಒಂದು ಪದ್ಧತಿಯಿದೆ. ಡ್ರೈವರ್ ನಿವೃತ್ತಿಯಾಗುವ ದಿನ ಅವನ ಬಸ್ಸಿಗೆ ಬಾಳೆಕಂದು, ಮಾವಿನ ತೋರಣ, ಚೆಂಡುಹೂ ಕಟ್ಟುತ್ತಾರೆ. ಕೊನೆಯ ಟ್ರಿಪ್ಪು ಮುಗಿಸಿ ಅವನೇ ಬಸ್ಸನ್ನು ಡಿಪೋದ ಒಳಗೆ ತಂದು ನಿಲ್ಲಿಸಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ತನ್ನ ಬಾಗಿಲಿನಿಂದ ಇಳಿಯುತ್ತಾನೆ. ಕೆಳಗೆ ಹಾರ ಹಿಡಿದು ಕಾಯುತ್ತಿರುತ್ತಾರೆ. ಎಲ್ಲರಿಗೂ ಈ ಭಾಗ್ಯ ಇಲ್ಲ. ಕಣ್ಣು ಮಂಜಾದವರು, ಸೊಂಟ ಹೋದವರು, ಮೆಡಿಕಲ್ಲಿನಲ್ಲಿ ಅನ್‌ಫಿಟ್ ಆದವರನ್ನು ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಾರೆ. ಬಂದ ಬಸ್ಸು ಹೋದ ಬಸ್ಸಿನ ನಂಬರ್ ಬರೆದುಕೊಂಡು ಅವರು ದಿನ ನೂಕಬೇಕು. ಆ ಕುರ್ಚಿಯನ್ನು ಕಂಡರೆ ನಮ್ಮವರು ಮುಖ ತಿರುಗಿಸುತ್ತಿದ್ದರು. "ನಾನು ಸ್ಟೇರಿಂಗ್ ಮುಟ್ಟೇ ಇಳಿಯವ ಮಾರಾಯಾ. ಆ ಕುರ್ಚಿಲಿ ಕೂರಕಿಂತ ಮನೇಲಿ ದನ ಕಾಯದು ಮೇಲು." ಆಯಿತಲ್ಲ, ಒಳ್ಳೆಯ ಆಸೆ. ಅದಕ್ಕೆ ಬೇಕಾದದ್ದು ಎರಡು ಕಣ್ಣು, ಎರಡು ಕಾಲು. ಅವನ್ನು ಜೋಪಾನ ಮಾಡಿಕೊಂಡು ಉಳಿದ ಸರ್ವಿಸು ಕಳೆಯಬಹುದಿತ್ತು.

ಇರಲಾರದೆ ಇರುವೆ ಬಿಟ್ಟುಕೊಂಡರು.

ಶಿರಾಳಕೊಪ್ಪದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಒಂದು ದಿನ ಬೀಡಿ ತರುತ್ತೇನೆಂದು ಹೋದವರು ಗುಜರಿ ಅಂಗಡಿಯಿಂದ ಒಂದು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಉದ್ದಕ್ಕೆ ಒಂದೂವರೆ ಮೊಳದಷ್ಟು, ಎರಡೂ ತುದಿ ಮೇಲಕ್ಕೆ ಬಾಗಿದೆ, ಕೆಳಗೆ ನಾಲ್ಕು ಚಿಕ್ಕ ಚಕ್ರ. "ಎಂಥದ್ರೀ ಇದು?" ಎಂದೆ. "ಮೆಕ್ಯಾನಿಕ್ಕುಗಳು ಗಾಡಿ ಅಡಿ ಹೋಗಕೆ ಇಟ್ಕಳ್ತಾರಲ, ಅದು. ಇನ್ಮೇಲೆ ನಾನೇ ಅಡಿಗೆ ಹೋಗಿ ನೋಡ್ತೆ. ಆಯಿಲ್ ಎಲ್ಲಿ ಸೋರ್ತದೆ, ಎಂತ ಕತೆ, ಎಲ್ಲ." ಹೇಳಿದಂತೆಯೇ ಮಾಡಿದರು. ದಿನಾ ಬೆಳಿಗ್ಗೆ ಹಲಗೆಯ ಮೇಲೆ ಅಂಗಾತ ಮಲಗಿ, ಹೊಟ್ಟೆಯನ್ನು ಒಳಗೆಳೆದುಕೊಂಡು ಬಸ್ಸಿನ ಅಡಿಗೆ ಜಾರುತ್ತಿದ್ದರು. ಹೊರಗೆ ಎರಡು ಖಾಕಿ ಕಾಲು ಮಾತ್ರ ಕಾಣುತ್ತಿತ್ತು. ಹೊರಗೆ ಬರಲು ಬಾರದೆ "ಎಳಿಯಾ" ಎಂದು ಕೂಗಿದರೆ ನಾನು ಹೋಗಿ ಎಳೆಯಬೇಕು.

ಡಿಪೋದ ಮೆಕ್ಯಾನಿಕ್ ಒಮ್ಮೆ ಇದನ್ನು ಕಂಡು ಬಿದ್ದು ಬಿದ್ದು ನಕ್ಕ. "ಅಲ್ರೀ, ಇದು ಮಲಗೋದಲ್ಲ, ನಿಲ್ಲೋದು. ಸ್ಕೇಟ್‌ಬೋರ್ಡು" ಎಂದು ಮೊಬೈಲಿನಲ್ಲಿ ತೋರಿಸಿದ. ಯಾವುದೋ ದೇಶದ ಒಬ್ಬ ನರೆಗಡ್ಡದ ಮನುಷ್ಯ ಅಂಥದೇ ಹಲಗೆಯ ಮೇಲೆ ನಿಂತು, ಕೈ ಅಗಲಿಸಿ, ಇಳಿಜಾರು ರಸ್ತೆಯಲ್ಲಿ ತೇಲಿಕೊಂಡು ಹೋಗುತ್ತಿದ್ದ. ನಮ್ಮವರು ಮೊಬೈಲನ್ನು ಕೈಗೆ ತೆಗೆದುಕೊಂಡು ಅದನ್ನೇ ಮತ್ತೆ ಮತ್ತೆ ನೋಡಿದರು. ಆವತ್ತು ಸೊರಬ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಅವರು ಮಾತಾಡದಿದ್ದರೆ ನನಗೆ ಯಾವಾಗಲೂ ಭಯ. ಸೊರಬದಲ್ಲಿ ಎಂಜಿನ್ ಆಫ್ ಮಾಡಿ ಹೇಳಿದರು, "ಹರೆಯದಿಂದ ಕೂತೇ ಓಡ್ಸಿದೆ. ಒಂದ್ಸಲ ನಿಂತು ಓಡ್ಸಿ ನೋಡ್ಬೇಕು."

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಇವರಿಗೆ ಅರವತ್ತಕ್ಕೆ ಇನ್ನೂ ಸ್ವಲ್ಪ ಬಾಕಿ ಇತ್ತು, ಮುಂಗಡವಾಗಿಯೇ ಬಂತು.

ಆಗ ನಮಗೆ ಬಂದಳಿಕೆ ಕಡೆಯ ಒಂದು ಹಳ್ಳಿಯಲ್ಲಿ ಹಾಲ್ಟ್ ಇತ್ತು. ರಾತ್ರಿ ಬಸ್ಸು ಅಲ್ಲೇ ನಿಲ್ಲುತ್ತದೆ, ಬೆಳಿಗ್ಗೆ ಮೊದಲ ಟ್ರಿಪ್ಪು ಅಲ್ಲಿಂದಲೇ. ಊರಿನ ಹಾಲಿನ ಡೈರಿ ಮುಂದೆ ಹೊಸದಾಗಿ ಸಿಮೆಂಟ್ ರಸ್ತೆ ಹಾಕಿದ್ದರು. ಬೆಳಕು ಹರಿಯುತ್ತಲೇ ಡ್ರೈವರ್ರು ಅಲ್ಲಿ ಹಾಜರು. ಮೊಣಕಾಲಿಗೆ ಹಳೆಯ ಸೀಟಿನ ಸ್ಪಂಜನ್ನು ರೆಕ್ಸಿನ್ ಸಮೇತ ಕತ್ತರಿಸಿ, ಟ್ಯೂಬಿನ ಪಟ್ಟಿಯಿಂದ ಕಟ್ಟಿಕೊಂಡಿದ್ದರು. ಎಡಗಾಲು ಹಲಗೆಯ ಮೇಲೆ, ಬಲಗಾಲು ನೆಲದ ಮೇಲೆ. "ಕ್ಲಚ್ ಕಾಲು ಮೇಲೆ, ಎಕ್ಸಲೇಟರ್ ಕಾಲು ಕೆಳಗೆ, ಸರಿ ಅಲ್ದನ?" ಎಂದು ನನ್ನನ್ನು ಕೇಳಿದರೆ ನನಗೇನು ಗೊತ್ತು? ಹಾಗೇ ನಿಂತುಬಿಟ್ಟರು. ಹೊರಡುವುದಿಲ್ಲ. ಯಾಕೆಂದು ನೋಡಿದರೆ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.

"ಎಂತ ನೋಡ್ತೀಯ? ರೈಟ್ ಹೇಳು!"

ಇಡೀ ಸರ್ವಿಸಿನಲ್ಲಿ ಕಂಡಕ್ಟರ್ ರೈಟ್ ಅನ್ನದೆ ಗಾಡಿ ಎತ್ತಿದವರಲ್ಲ. ಆ ಹಲಗೆಗೂ ನಾನು ರೈಟ್ ಹೇಳಬೇಕಾಯಿತು. ಹೇಳಿದೆ. ಬಲಗಾಲಿನಿಂದ ಒಂದು ಒದೆ ಒದ್ದರು, ಹಲಗೆ ಮುಂದಕ್ಕೆ ಹೋಯಿತು, ಡ್ರೈವರ್ರು ಹಿಂದಕ್ಕೆ ಹೋದರು. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅವರಲ್ಲೊಬ್ಬಾಕೆ ಮಾತ್ರ ಗಂಭೀರವಾಗಿ ಕೇಳಿದಳು. "ಡ್ರೈವರಣ್ಣಾ, ಬಸ್ಸಿನ ಬ್ರೇಕಾದ್ರೂ ಸರಿ ಐತೇನ್ರೀ?" ನೆಲದ ಮೇಲೆ ಕೂತೇ ಡ್ರೈವರ್ರು ರಸ್ತೆಯನ್ನು ಕೈಯಿಂದ ಸವರಿ ನೋಡಿ, ಸಿಮೆಂಟ್ ಹಾಕಿದವನು ಮಟ್ಟ ನೋಡಿಲ್ಲ ಎಂದು ತೀರ್ಪು ಕೊಟ್ಟರು. ಕುಣಿಯಲಾರದವಳಿಗೆ ನೆಲ ಡೊಂಕು.

"ನಿಮಗೆ ಬುದ್ಧಿ ಐತೇನ್ರೀ? ಕಾಲು ಮುರೀತು ಅಂದ್ರೆ ಆ ಪ್ಲಾಸ್ಟಿಕ್ ಕುರ್ಚೀನೇ ಗತಿ" ಎಂದು ನಾನು ಬೈದೆ. ಒಂದು ದಿನವಲ್ಲ, ಹಾಲ್ಟಿನ ಪ್ರತಿ ಬೆಳಿಗ್ಗೆ ಬೈದೆ. ಅಕ್ಕನೂ ಫೋನು ಮಾಡಿ ಬೈಯಿಸಿದರು. "ನೀವಾದ್ರೂ ಹೇಳಿ ಮಾರಾಯ್ರೇ, ನನ್ನ ಮಾತು ಎಲ್ಲಿ ಕೇಳ್ತಾರೆ? ಮೈ ತುಂಬ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದೋತು." ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನನ್ನ ಬೈಗುಳವನ್ನು ತಲೆಯಾಡಿಸಿ ಪೂರ್ತಿ ಕೇಳಿ, ಕೊನೆಗೆ, "ಆತು, ಈಗ ರೈಟ್ ಹೇಳು" ಎನ್ನುತ್ತಿದ್ದರು.

ಅದಕ್ಕಿಂತ ಸಿಟ್ಟು ತರಿಸಿದ್ದು ಇನ್ನೊಂದಿದೆ. ಸುಮಾರು ದಿನ ಬಿದ್ದ ಮೇಲೆ ಒಂದು ಬೆಳಿಗ್ಗೆ ನನ್ನ ಹತ್ತಿರ ಬಂದು ನನ್ನ ಕಾಲುಗಳನ್ನೇ ನೋಡತೊಡಗಿದರು. "ನೀನು ಹೆಂಗೆ ನಿಲ್ತೀಯ?"

"ಎಲ್ಲಿ?"

"ಬಸ್ಸಲ್ಲಿ. ಕಂಬಿ ಹಿಡಿಯದಿಲ್ಲ, ಟಿಕೆಟ್ ಕೊಡ್ತೀಯ, ಆದ್ರೂ ನಿಲ್ತೀಯಲ. ತೋರ್ಸು."

ಅಷ್ಟು ವರ್ಷ ಹಿಡಿದುಕೊಂಡು ನಿಲ್ಲುವುದು ಕಲಿ ಎಂದ ಬಾಯಿಯೇ ಅದು! ತೋರಿಸಲಿಲ್ಲ. ಎರಡು ದಿನ ತೋರಿಸಲಿಲ್ಲ. ಆಮೇಲೆ ಅವರು ಮತ್ತೆ ಮುಗ್ಗರಿಸಿ ಬಿದ್ದು ಗದ್ದ ತರಚಿಕೊಂಡಾಗ ತಡೆಯಲಾಗದೆ ತೋರಿಸಿದೆ. ಕಾಲು ಒಂದರ ಪಕ್ಕ ಒಂದು ಇಡಬಾರದು, ಅಗಲಿಸಿ ಅಡ್ಡಡ್ಡ ನಿಲ್ಲಬೇಕು. ಮೊಣಕಾಲು ಬಿಗಿ ಹಿಡಿದರೆ ಬೀಳುತ್ತೀರಿ, ಸಡಿಲ ಬಿಡಬೇಕು. ಗಾಡಿ ಎತ್ತ ವಾಲುತ್ತದೋ ಅದರ ಎದುರು ದಿಕ್ಕಿಗೆ ಸೊಂಟ ಹೋಗಬೇಕು, ತಲೆ ಹೋಗಬಾರದು. ನನಗೆ ಇದನ್ನು ಯಾರೂ ಕಲಿಸಿದ್ದಲ್ಲ. ಅವರ ಬ್ರೇಕೇ ಕಲಿಸಿದ್ದು. ಅವರು ಶಾಲೆಯ ಮಗುವಿನಂತೆ ಕೇಳಿಸಿಕೊಂಡು ಹಲಗೆ ಹತ್ತಿದರು. ನಾನು ರೈಟ್ ಅಂದೆ. ಡೈರಿಯಿಂದ ಅರಳೀಕಟ್ಟೆಯ ತನಕ ಹೋದರು. ಬೀಳದೆ, ಟವೆಲ್ಲು ಹಾರಿಸುತ್ತಾ, ಆ ಹೊಟ್ಟೆ ಹೊತ್ತುಕೊಂಡು ಹೋದರು. ಹೋಗುವುದೇನೋ ಹೋದರು, ನಿಲ್ಲಿಸುವುದು ಗೊತ್ತಿಲ್ಲ. "ಹೋಲ್ಡಾನ್ ಹೇಳಾ, ಹೋಲ್ಡಾನ್!" ಎಂದು ಕೂಗಿಕೊಂಡರು. ಹೇಳಿದೆ. ಹೇಳಿದರೆ ಹಲಗೆ ಕೇಳುತ್ತದೆಯೇ? ಕಟ್ಟೆಯನ್ನು ತಬ್ಬಿಕೊಂಡು ನಿಂತರು. "ಎಲ್ಲ ಸರಿ ಮಾರಾಯಾ, ಬ್ರೇಕಿಲ್ದ ಗಾಡಿ ಯಾವ ಮಗ ಮಾಡಿದ್ನೋ" ಎಂದು ಬೈದರು. ಆದರೆ ಅವರ ಮುಖದಲ್ಲಿ ಆವತ್ತು ಇದ್ದ ಖುಷಿಯನ್ನು ನಾನು ಬಿಲ್ಲೆ ಕೊಟ್ಟ ದಿನವೂ ನೋಡಿರಲಿಲ್ಲ.

ಮೊದಲ ಟ್ರಿಪ್ಪಿಗೆ ಬಸ್ಸು ಎತ್ತುವ ಮುಂಚೆ, ಸೀಟಿನಲ್ಲಿ ಕೂತು, ಕೀ ತಿರುಗಿಸದೆ, ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನಾನು ಬ್ರೇಕ್ ಹಾಕ್ದಾಗ ನಿಂಗೆ ಹಿಂಗೇ ಆಗ್ತಿತ್ತನ? ಕಾಲಡಿ ನೆಲ ಹೋದಂಗೆ?"

"ಇಲ್ರೀ, ತೊಟ್ಟಿಲು ತೂಗ್ದಂಗೆ ಆಗ್ತಿತ್ತು" ಎಂದೆ. ಅವರು ನಗಲಿಲ್ಲ.

ಅಂದಿನಿಂದ ಬಸ್ಸು ಬೆಣ್ಣೆಯಂತೆ ಓಡತೊಡಗಿತು. ತಿರುವು ಇನ್ನೂ ದೂರ ಇರುವಾಗಲೇ ನಿಧಾನ ಮಾಡುವುದು, ಹಂಪು ಬಂದರೆ ಬಸ್ಸನ್ನು ಎತ್ತಿ ಇಳಿಸಿದಂತೆ ದಾಟಿಸುವುದು. ಒಳ್ಳೆಯದೇ ಆಯಿತಲ್ಲ ಎನ್ನುತ್ತೀರಿ. ಸ್ವಾಮಿ, ಬಸ್ಸು ಲೇಟು! ಶಿರಾಳಕೊಪ್ಪದಲ್ಲಿ ಮುಂದಿನ ಬಸ್ಸು ತಪ್ಪಿಸಿಕೊಂಡವರು ಬೈಯುವುದು ಡ್ರೈವರನ್ನಲ್ಲ, ಬಾಗಿಲಲ್ಲಿ ನಿಂತ ನನ್ನನ್ನು. "ಏನ್ರೀ ಕಂಡಕ್ಟ್ರೇ, ದಿಬ್ಬಣ ಹೊಂಟೈತೇನ್ರೀ?" ಎಂದು ಕೇಳಿಸಿಕೊಂಡವನು ನಾನು. ಡಿಪೋದಲ್ಲಿ ಲೇಟಿಗೆ ಕಾರಣ ಹೇಳಿದವನು ನಾನು. ಸೊಂಟ ಉಳಿಯಿತು, ಮಾನ ಹೋಯಿತು. ಸ್ವಲ್ಪ ಜೋರು ಬಿಡ್ರೀ ಎಂದರೆ, "ನಿಂತವ್ರು ಇದಾರೆ ಮಾರಾಯಾ" ಎನ್ನುತ್ತಿದ್ದರು. ನಿಂತವರು ಆವತ್ತೇ ಹುಟ್ಟಿ ಬಂದವರೇ?

ನಿವೃತ್ತಿ ಹತ್ತಿರ ಬಂತು. ಕೊನೆಯ ಆಯುಧಪೂಜೆ. ಡಿಪೋದಲ್ಲಿ ಬಸ್ಸುಗಳನ್ನೆಲ್ಲ ತೊಳೆದು ಸಾಲಾಗಿ ನಿಲ್ಲಿಸಿ, ಹೂವು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಪೂಜೆಯಾದ ಮೇಲೆ ಡ್ರೈವರ್ ಗಾಡಿಯನ್ನು ಒಂದಿಷ್ಟು ಮುಂದಕ್ಕೆ ಬಿಟ್ಟು ನಿಂಬೆಹಣ್ಣು ಹಿಸುಕಬೇಕು. ನಮ್ಮವರು ಬಸ್ಸಿನದನ್ನು ಮುಗಿಸಿ ಕೆಳಗಿಳಿದು, ಹಲಗೆಯನ್ನು ಹೊರಗೆ ತಂದರು. ಅದಕ್ಕೆ ವಿಭೂತಿ, ಕುಂಕುಮ, ಎರಡು ಚೆಂಡುಹೂ. "ಚಕ್ರ ಇದ್ಮೇಲೆ ಗಾಡಿನೇ ಅಲ್ದನ?" ಎಂದು ಅದರ ಮುಂದಿನ ಎರಡು ಚಕ್ರಗಳ ಎದುರಿಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಊದಿನಕಡ್ಡಿ ಬೆಳಗಿದರು. ಇಡೀ ಡಿಪೋ ಸುತ್ತ ಸೇರಿತು, ಮ್ಯಾನೇಜರ್ರೂ ನಗುತ್ತಾ ನಿಂತರು. ಡ್ರೈವರ್ರು ಹಲಗೆ ಹತ್ತಿ ನನ್ನ ಕಡೆ ನೋಡಿದರು.

ಬೇಡ ಎಂದು ಕೈ ಆಡಿಸಿದೆ, ತುಟಿ ಬಿಚ್ಚಲಿಲ್ಲ. ನಾನು ಹೇಳದಿದ್ದರೇನು, ಇಡೀ ಡಿಪೋ ಒಂದೇ ಬಾಯಲ್ಲಿ "ರೈಟ್ ರೈಟ್" ಎಂದಿತು.

ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಸಿಕ್ಕಿದ್ದೂ ಗೊತ್ತಾಗುವುದಿಲ್ಲ. ಹಲಗೆಯ ಚಕ್ರ ನಿಂಬೆಹಣ್ಣಿನಷ್ಟೇ ಇದೆ. ಒದೆ ಕೊಟ್ಟರು, ಹಲಗೆ ಹೋಗಿ ನಿಂಬೆಹಣ್ಣಿಗೆ ತಾಗಿ ಗೂಟ ಹೊಡೆದಂತೆ ನಿಂತಿತು. ಡ್ರೈವರ್ರು ನಿಲ್ಲಲಿಲ್ಲ. ಬೂದುಗುಂಬಳದ ಚೂರುಗಳ ನಡುವೆ ಹೋಗಿ ಬಿದ್ದರು. ಎಡಗಾಲು ಮೈಯ ಅಡಿಯಲ್ಲಿ ಮಡಿಸಿಕೊಂಡಿತ್ತು. ಎತ್ತುವಾಗಲೇ ನನಗೆ ತಿಳಿಯಿತು. ಅದು ಕ್ಲಚ್ ಕಾಲು. ಅವರಿಗೂ ತಿಳಿದಿತ್ತು. ನೋವಿಗೆ ಮುಖ ಬೆವೆತಿದ್ದರೂ ಅವರ ಕಣ್ಣು ಹೋದದ್ದು ಗೇಟಿನ ಕಡೆಗೆ. ನಿಂಬೆಹಣ್ಣು ಮಾತ್ರ ಎರಡೂ ನೆಟ್ಟಗಿದ್ದವು.

ಆಸ್ಪತ್ರೆ, ಪ್ಲಾಸ್ಟರ್, ರಜೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿ. ನನ್ನ ಬಸ್ಸಿಗೆ ಹೊಸ ಹುಡುಗನನ್ನು ಡ್ರೈವರಾಗಿ ಹಾಕಿದರು. ದಿನಾ ಡಿಪೋದಿಂದ ಹೊರಡುವಾಗ ಗೇಟಿನಲ್ಲಿ ಅವರು ಸ್ಟೂಲಿನ ಮೇಲೆ ಕಾಲು ಚಾಚಿ, ನಮ್ಮದೇ ಬಸ್ಸಿನ ನಂಬರನ್ನು ತಲೆಯೆತ್ತಿ ನೋಡಿ ಬರೆದುಕೊಳ್ಳುತ್ತಿದ್ದರು. ಅವರಿಗೆ ಆ ನಂಬರ್ ಹೆಂಡತಿಯ ಹೆಸರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ನಾನು ಮಾತಾಡಿಸುತ್ತಿರಲಿಲ್ಲ. ಅಷ್ಟು ಸಿಟ್ಟಿತ್ತು. ಕಾಲು ಕೂಡಿಕೊಂಡಿತು, ಕುಂಟುತ್ತಾ ನಡೆದರು. ಆದರೆ ಕ್ಲಚ್ ಒತ್ತುವಷ್ಟು ಬಲ ಬಂದಿಲ್ಲ ಎಂದು ಡಾಕ್ಟರು ಬರೆದುಬಿಟ್ಟರು. ನಿವೃತ್ತಿಯ ಹಿಂದಿನ ದಿನ ನಾನೇ ಮ್ಯಾನೇಜರ್ರ ಹತ್ತಿರ ಹೋದೆ.

"ಸರ್, ಜನ ಹತ್ತಿಸೋದು ಬೇಡ. ಗೇಟಿಂದ ಶೆಡ್ಡಿನ ತನಕ ಖಾಲಿ ಬಸ್ಸು ತಂದು ನಿಲ್ಸಿ ಇಳೀಲಿ. ನಾನು ಪಕ್ಕದಲ್ಲೇ ಇರ್ತೀನಿ."

ಒಳ್ಳೆಯ ಮನುಷ್ಯ ಅವರು. ಡಾಕ್ಟರ ಕಾಗದ ತೆರೆದು ತೋರಿಸಿಯೇ ಹೇಳಿದರು. "ನನಗೂ ಬೇಜಾರೈತ್ರೀ. ಅನ್‌ಫಿಟ್ ಅಂತ ಬರೆದ್ಮೇಲೆ ಹೆಂಗ್ರೀ ಕೀ ಕೊಡ್ಲಿ?"

ಕೊಡಲಿಲ್ಲ. ಮಾರನೇ ದಿನ ಗೇಟಿನ ಪಕ್ಕದಲ್ಲೇ ಶಾಮಿಯಾನ ಹಾಕಿ, ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಮಾತಾಡಿ ಕಳಿಸಿದರು. ಬಾಳೆಕಂದು ಕಟ್ಟಲಿಲ್ಲ. ಸಂಜೆಯ ಟ್ರಿಪ್ಪಿಗೆ ಅವರು ನನ್ನ ಬಸ್ಸಿಗೇ ಬಂದು ಹತ್ತಿದರು. ಹಿಂದಿನ ಬಾಗಿಲಿನಿಂದ. ಹಾರ ಇನ್ನೂ ಕೊರಳಲ್ಲಿತ್ತು, ಕುಂಕುಮ ಬೆವರಿಗೆ ಇಳಿದಿತ್ತು. ಹಣ್ಣಿನ ಬುಟ್ಟಿಯನ್ನು ನನ್ನ ಸೀಟಿನ ಕೆಳಗೆ ನೂಕಿ ಬಸ್ಸಿನ ನಡುವೆ ನಿಂತರು. ಗುರುತಿನವರು ಎದ್ದು ಜಾಗ ಬಿಟ್ಟರು. ಕೂರಲಿಲ್ಲ.

ನಾನು ಇಷ್ಟು ದಿನ ಒಳಗೇ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಒಡೆಯಿತು. "ಕೂತ್ಕಳ್ರೀ! ಆ ಕಾಲಿಟ್ಕಂಡು ನಿಲ್ತಾರೇನ್ರೀ? ಹಲಗೆ ಹಲಗೆ ಅಂತ ಎಲ್ಲಾ ಕಳ್ಕಂಡ್ರಿ. ಇವತ್ತು ಆ ಸ್ಟೇರಿಂಗ್ ಮುಟ್ಟಿ ಇಳೀಬೇಕಾಗಿತ್ತಲ್ರೀ ನೀವು!" ಬಸ್ಸಿನ ಜನವೆಲ್ಲ ನನ್ನನ್ನೇ ನೋಡಿತು.

"ಇಳೀಬೇಕಾಗಿತ್ತು" ಎಂದರು. ಹಾರವನ್ನು ತೆಗೆದು ಕಂಬಿಗೆ ಸಿಕ್ಕಿಸಿದರು. "ನೀನು ಟಿಕೆಟ್ ಕೊಡು. ಹೊತ್ತಾತು."

ಶಿರಾಳಕೊಪ್ಪದಲ್ಲಿ ಜನ ಗಿಜಿಗಿಜಿ ಹತ್ತಿತು. ಹೊಸ ಹುಡುಗ ಒಳ್ಳೆಯ ಡ್ರೈವರ್, ಆದರೆ ಕಾಲು ಚುರುಕು. ನಾನು ಎಂದಿನಂತೆ ಹಿಂದಕ್ಕೆ ಮುಖ ಮಾಡಿ ಟಿಕೆಟ್ ಕೊಡುತ್ತಿದ್ದೆ. ಡ್ರೈವರ್ರು ನನ್ನ ಎದುರಿಗೆ, ಕಾಲು ಅಗಲಿಸಿ, ಕಂಬಿ ಹಿಡಿಯದೆ ನಿಂತಿದ್ದರು. ನನ್ನ ಹೆಗಲಿನ ಮೇಲಿಂದ ಮುಂದಿನ ಗಾಜನ್ನೇ ನೋಡುತ್ತಿದ್ದರು.

"ಶಾಲೆ ಹಂಪು ಬಂತು, ಮೊಣಕಾಲು ಬಿಡು" ಎಂದರು. ಬಿಟ್ಟೆ. ಬಸ್ಸು ಕುಪ್ಪಳಿಸಿತು. ನಾನು ಅಲುಗಲಿಲ್ಲ.

"ಈಗ ಎಡಕ್ಕೆ."

"ಎದುರಿಗೆ ಲಾರಿ. ಬ್ರೇಕ್ ಹಾಕ್ತಾನೆ, ಹಾಕ್ತಾನೆ, ಹಾಕ್ದ."

ಇಬ್ಬರೂ ಒಟ್ಟಿಗೆ ವಾಲಿ ಒಟ್ಟಿಗೆ ನೆಟ್ಟಗಾದೆವು. ಕೆರೆ ಏರಿಯ ತಿರುವು ಈ ದಾರಿಯಲ್ಲೇ ಕೆಟ್ಟದ್ದು. ಅಲ್ಲಿ ಬೀಳದ ಕಂಡಕ್ಟರ್ ಇಲ್ಲ. ಅದು ಬರುವ ಮೊದಲು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. "ಏರಿ ತಿರುವು. ಬಲಗಾಲು ಮುಂದಿಡು. ಇಲ್ಲಿ ನಿನ್ನ ಬಾಳ ಸಲ ಬೀಳ್ಸಿದೀನಿ." ಹಿಂದಿನ ಸೀಟಿನ ಜನ ಈ ಇಬ್ಬರಿಗೆ ಏನಾಗಿದೆ ಎಂದು ನೋಡುತ್ತಿದ್ದರು. ನನ್ನ ಕಣ್ಣು ತುಂಬಿ ಮಶೀನಿನ ನಂಬರ್ ಕಾಣಲಿಲ್ಲ, ಸೊರಬದ ಟಿಕೆಟನ್ನು ಎರಡು ಸಲ ಒತ್ತಿದೆ.

ಹೊಸಬಾಳೆಗೆ ಹೋಗುವವರು ಇಳಿಯುವ ಸ್ಟಾಪು ಬಂತು. ಇಳಿಯುವಾಗ ಅವರು ಕಾಲನ್ನು ಜೋಪಾನವಾಗಿ ಇಟ್ಟರು. ಬುಟ್ಟಿಯನ್ನು ನಾನೇ ಇಳಿಸಿಕೊಟ್ಟೆ. ಕೆಳಗೆ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಅವರೇ "ರೈಟ್" ಎಂದರು. ನಾನು ಹೇಳಬೇಕಾಗಿದ್ದ ಮಾತು.

ಸೊರಬದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ಒಬ್ಬ ಮುದುಕನಿಗೆ ಚಿಲ್ಲರೆ ಕೊಡುತ್ತಿದ್ದೆ. ಏರಿ ತಿರುವಿನಲ್ಲಿ ಬ್ರೇಕು ಬಿತ್ತು, ಯಾರೂ ಹೇಳಲಿಲ್ಲ. ಸೀಟಿನ ಮೂಲೆಗೆ ಸೊಂಟ ಬಡಿದು ಮಗುಚಿ ಬಿದ್ದೆ, ಚಿಲ್ಲರೆಯೆಲ್ಲ ಬಸ್ಸಿನ ತುಂಬ ಚೆಲ್ಲಿತು. ಹೊಸ ಹುಡುಗ ಕನ್ನಡಿಯಲ್ಲಿ ನೋಡಿ, "ತಪ್ಪಾಯ್ತು ಅಣ್ಣ, ಎಮ್ಮೆ ಅಡ್ಡ ಬಂತು" ಎಂದ. ಅವನಿಗೆ ಏನೂ ಅನ್ನಲಿಲ್ಲ. ಬಿದ್ದಲ್ಲೇ ಕೂತು, ಅಷ್ಟೊತ್ತಿಗೆ ಹೊಸಬಾಳೆಯ ಮನೆ ಸೇರಿ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ ನಮ್ಮ ಡ್ರೈವರ್ರನ್ನು ಬಾಯಿ ತುಂಬ ಬೈದೆ.